ಹೆಸರಿಲ್ಲದ ಅರ್ಜಿ

ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುವಾಗ ನಡುವೆ ಕೈ ಬಿಡಬಾರದು. ಬಿಟ್ಟರೆ ಎಣ್ಣೆ ಬಿಡದೆ ಹಿಂಡಿ ಪುಡಿಪುಡಿಯಾಗಿಯೇ ಉಳಿಯುತ್ತದೆ. ಅದು ಗೊತ್ತಿದ್ದೂ ದ್ರೌಪದಿ ಅಂದು ಮುಂಜಾನೆ ಒನಕೆಯನ್ನು ಒರಳಿನಲ್ಲೇ ಬಿಟ್ಟು ಎದ್ದಳು. ಬಾಗಿಲಲ್ಲಿ ತಮ್ಮ ನಿಂಗಣ್ಣ ನಿಂತಿದ್ದ. ಅವನ ತಲೆಯ ಮೇಲೆ ರುಮಾಲು ಇರಲಿಲ್ಲ.

ಮೀಸೆ ಮೂಡಿದ ಮೇಲೆ ತಮ್ಮ ಬರಿದಲೆಯಲ್ಲಿ ಬೀದಿಗಿಳಿದದ್ದನ್ನು ಅವಳು ಕಂಡದ್ದು ಎರಡೇ ಸಲ: ಅಪ್ಪನ ಮಣ್ಣಿನ ದಿನ, ಆಮೇಲೆ ತನ್ನ ಗಂಡ ಕಲ್ಲಣ್ಣನ ಮಣ್ಣಿನ ದಿನ.

"ಯಾರು ಹೋದರೋ ತಮ್ಮಾ?" ಎಂದಳು.

"ಯಾರೂ ಹೋಗಿಲ್ಲಕ್ಕಾ. ನಾನ ಹೋದೆ ಅಂತ ತಿಳಿ. ಸಾವಕಾರ ಮಂದಿ ಮುಂದ ನನ್ನ ರುಮಾಲು ಕಿತ್ತಿ ಗಟಾರಕ್ಕ ಒಗದ."

ಒಳಗಿನ ಜಗಲಿಯಿಂದ ಕಸ್ತೂರಬಾಯಿಯವರ ದನಿ ಬಂತು. "ಮೊದಲ ನೀರು ಕೊಡು ಅವಗ. ಅಳೂದಿದ್ರ ಅತ್ತು ಮುಗಸಲಿ. ಮಾತು ಆಮ್ಯಾಲ."

ಕಸ್ತೂರಬಾಯಿ ವಕೀಲರ ಹೆಂಡತಿಯಾಗಿದ್ದವರು. ವಕೀಲರು ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಮಾರದೆ ಒಂದೊಂದಾಗಿ ಓದಿ ಮುಗಿಸಿದವರು. ಸೊಲ್ಲಾಪುರದ ಮಂಗಳವಾರ ಪೇಟೆಯಲ್ಲಿ ಬೆಂಡೋಲೆ ಕಳೆದವರು, ಮಾತು ನಂಬಿ ಮೋಸಹೋದವರು ಪೊಲೀಸ್ ಫೌಜುದಾರನ ಕಡೆಗೆ ಹೋಗುವ ಮೊದಲು ಈ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಮಠದ ಬೆಳ್ಳಿ ಪಾದುಕೆ ಕದ್ದವನನ್ನು ಅವನ ಚಪ್ಪಲಿಗೆ ಅಂಟಿದ್ದ ಗಂಧದಿಂದ ಅವರು ಹಿಡಿದದ್ದು ಊರಿಗೇ ಗೊತ್ತಿತ್ತು. ಸಂಶಯ ಬಂದರೆ ಸೆರಗಿನ ತುದಿಗೆ ಒಂದು ಗಂಟು ಹಾಕುವರು, ಬಗೆಹರಿದ ಮೇಲೆ ಬಿಚ್ಚುವರು. ಅಡಿಗೆಗೆಂದು ಈ ಮನೆ ಸೇರಿದ ದ್ರೌಪದಿ ಈಗ ಆ ಗಂಟುಗಳ ಅರ್ಥ ತಿಳಿಯುವಷ್ಟು ಹತ್ತಿರದವಳಾಗಿದ್ದಳು. ಅವಳನ್ನು ನಲವತ್ತು ದಾಟಿದ ಮೇಲೆ ರಾತ್ರಿ ಸಾಲಿಗೆ ಹಾಕಿ ಅಕ್ಷರ ಕಲಿಸಿದವರೂ ಅವರೇ.

ನಿಂಗಣ್ಣ ನೀರು ಕುಡಿದು, ಗೋಡೆಗೆ ಆತು ಕುಳಿತು ಹೇಳಿದ. ಅವನು ಶಾಂತಲಿಂಗಪ್ಪ ಸಾವಕಾರನ ನೂಲಿನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಮುನೀಮ. ಹಿಂದಿನ ವಾರ ಇನ್ಕಮ್ ಟ್ಯಾಕ್ಸಿನ ಸಾಹೇಬ ಸಾವಕಾರನನ್ನು ಕಚೇರಿಗೆ ಕರೆಸಿದ್ದ. ಅದೇ ಊರಿನ ನೂಲಿನ ವ್ಯಾಪಾರಿ ಸಿದ್ದರಾಮಪ್ಪನವರ ಅಂಗಡಿಯಿಂದ ತಂದ ಬಣ್ಣದ ನೂಲಿನ ದೊಡ್ಡ ಕಟ್ಟುಗಳ, ಬೇಲುಗಳ ಬಗ್ಗೆ ಕೇಳಿದ್ದ. ಸಾವಕಾರನ ಲೆಕ್ಕದಲ್ಲಿ ಆ ಬೇಲುಗಳೆಲ್ಲ ಅಕ್ಕಲಕೋಟದ ಅಂಗಡಿಯ ಮಾಲು. ಅಕ್ಕಲಕೋಟ ರಾಜರ ಸಂಸ್ಥಾನ, ಇಂಗ್ಲಿಷರ ತೆರಿಗೆ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಸಾಹೇಬ ಸೀದಾ ಹೇಳಿದ್ದನಂತೆ: ಬೇಲುಗಳು ಸೊಲ್ಲಾಪುರದ ಗಡಿ ದಾಟಿಯೇ ಇಲ್ಲ, ಊರಂಚಿನ ಅಕ್ಕಲಕೋಟ ನಾಕಾದ ಹತ್ತಿರದ ಗೋದಾಮಿನಲ್ಲಿ ಇಳಿದು ಇಲ್ಲೇ ಮಾರಾಟವಾಗಿವೆ.

"ಆ ಗೋದಾಮಿನ ಕೀಲಿ ಎರಡ ಅದಾವ್ರಿ. ಒಂದು ಸಾವಕಾರಂದು, ಒಂದು ನಂದು. ಅದಕ್ಕ ನಾನ ಚಾಡಿ ಹೇಳೀನಿ ಅಂತ ಹಿಡದಾನ. ಸೋಮವಾರ ವ್ಯಾಪಾರಸ್ಥರ ಪಂಚರನ್ನ ಕೂಡಸ್ಯಾನ. ಚಾಡಿಕೋರನ್ನ ಸೊಲ್ಲಾಪುರದಾಗ ಯಾವ ಅಂಗಡಿ ಕಟ್ಟಿನೂ ಹತ್ತಿಸಿಕೋಬಾರದು ಅಂತ ಎಲ್ಲಾರ ಕಡೆ ಮಾತು ತಗೋತಾನಂತ."

ಅದರ ಅರ್ಥವೇನೆಂದು ಮೂವರಿಗೂ ಗೊತ್ತಿತ್ತು. ಲೆಕ್ಕ ಬರೆಯುವುದು ಬಿಟ್ಟು ಬೇರೆ ಕೆಲಸ ಅರಿಯದವನಿಗೆ ಐವತ್ತರ ಹತ್ತಿರ ಬಂದು ಆ ಬಾಗಿಲು ಮುಚ್ಚಿದರೆ, ಮುಂದೆ ಉಳಿಯುವುದು ಮಿಲ್ಲಿನ ಗೇಟಿನಲ್ಲಿ ಕೂಲಿಗೆ ನಿಲ್ಲುವುದು. ಅವನ ಹೆಸರು ಹೇಳಿದರೆ ಜನ ಉಗುಳುವುದು ಬೇರೆ.

ಕಸ್ತೂರಬಾಯಿ ಮೊದಲು ಕೇಳಿದ್ದು ಒಂದೇ. ಸಾಹೇಬ ಬೇರೆ ಏನೇನು ಕೇಳಿದ? ನಿಂಗಣ್ಣ ನೆನಪು ಮಾಡಿಕೊಂಡು ಏನೂ ಇಲ್ಲವೆಂದ. ಬೇರೆ ವ್ಯಾಪಾರಸ್ಥರ ನೂಲೂ ಅದೇ ಗೋದಾಮಿನಲ್ಲಿ ಇಳಿಯುತ್ತಿತ್ತು, ಅದನ್ನು ಕೇಳಲಿಲ್ಲ. ಶೇಂಗಾದ ವ್ಯಾಪಾರ, ಬಡ್ಡಿಯ ವ್ಯವಹಾರ, ಯಾವುದರ ಸುದ್ದಿಯೂ ಇಲ್ಲ. ಸಿದ್ದರಾಮಪ್ಪನವರ ನೂಲು, ಅಷ್ಟೇ.

"ನೀನ ಹೇಳಿದ್ರ ಇಷ್ಟಕ್ಕ ಬಿಡ್ತಿದ್ಯೇನು?"

ನಿಂಗಣ್ಣ ಬರಿದಲೆಯ ಮೇಲೆ ಕೈಯಾಡಿಸಿದ. "ಬಿಡ್ತಿದ್ದಿಲ್ರಿ," ಎಂದ. "ಹೇಳೂದ ಆಗಿದ್ರ ಬೇರು ಸಮೇತ ಕೀಳ್ತಿದ್ದೆ."

ಕಸ್ತೂರಬಾಯಿ ಸೆರಗಿಗೆ ಒಂದು ಗಂಟು ಹಾಕಿದರು. ಸಾವಕಾರ ಸಾಹೇಬನಿಗೆ ಕೊಟ್ಟ ಉತ್ತರವೇನು ಎಂದು ಕೇಳಿದಾಗ ನಿಂಗಣ್ಣ ಅಕ್ಕನ ಮುಖ ತಪ್ಪಿಸಿ ನೆಲ ನೋಡಿದ. ಅಕ್ಕಲಕೋಟದ ಅಂಗಡಿ ತನ್ನದಲ್ಲ, ಬೇರೆಯವರದು, ತಾನು ನಡುವಿನ ದಲಾಲ ಮಾತ್ರ ಎಂದು ಹೇಳಿದ್ದಾನೆ, ಮುಂದಿನ ತಿಂಗಳು ಮತ್ತೆ ಕರೆದಾರು ಎಂದಷ್ಟೇ ಹೇಳಿ ಎದ್ದು ಹೋದ.

ದ್ರೌಪದಿ ಮತ್ತೆ ಒನಕೆ ಹಿಡಿದಳು. ಒರಳಿನಲ್ಲಿದ್ದದ್ದು ಶೇಂಗಾ ಎನ್ನುವುದು ಅವಳಿಗೆ ಮರೆತುಹೋಗಿತ್ತು. ಪ್ರತಿ ಏಟಿಗೂ ಹಲ್ಲು ಕಡಿಯುತ್ತಿದ್ದಳು. ಹಿಂಡಿ ಎಣ್ಣೆ ಬಿಟ್ಟು ಅಂಟಾಗಿ ಒರಳಿಗೇ ಮೆತ್ತಿಕೊಂಡಿತು.

"ಸಾಕು," ಎಂದರು ಕಸ್ತೂರಬಾಯಿ. "ಶಾಂತಲಿಂಗಪ್ಪ ಎಂದೋ ನುಚ್ಚಾಗ್ಯಾನ. ಸಾಸಿವಿ ಡಬ್ಬ್ಯಾಗಿನ ಕಾಗದ ಇನ್ನೂ ಅಲ್ಲೇ ಅದ ಹೌದಲ್ಲ?"

ದ್ರೌಪದಿಯ ಕೈ ನಿಂತಿತು. ಆ ಕಾಗದ ಯಾರಿಗೂ ಗೊತ್ತಿಲ್ಲವೆಂದುಕೊಂಡೇ ಇಷ್ಟು ದಿನ ಒಗ್ಗರಣೆ ಹಾಕುತ್ತ ಬಂದಿದ್ದಳು. ರಾತ್ರಿ ಸಾಲಿಯಲ್ಲಿ ಅಕ್ಷರ ಕೂಡಿಸಲು ಬಂದ ಮೇಲೆ ಅವಳು ಬರೆದ ಮೊದಲ ಕಾಗದ ಅದು. ಟ್ಯಾಕ್ಸಿನ ಸಾಹೇಬನಿಗೆ, ಶಾಂತಲಿಂಗಪ್ಪನ ಮೇಲೆ. ತಮ್ಮನ ಅನ್ನ ಆ ಅಂಗಡಿಯಲ್ಲೇ ಇದ್ದುದರಿಂದ ಅಂಚೆಗೆ ಹಾಕಿರಲಿಲ್ಲ.

"ಅದನ್ನ ಬಿಟ್ಟು ಮತ್ತ ಯಾವದರೆ ಬರದೀಯೇನು? ಖರೇ ಹೇಳು."

"ಇಲ್ರಿ ಅಕ್ಕಾರ. ಬರದಿದ್ರ ನಿಮ್ಮ ಮುಂದ ಮುಚ್ಚತಿದ್ದಿಲ್ಲ, ಹಬ್ಬ ಮಾಡ್ತಿದ್ದೆ. ಈಗರೆ ಹಾಕತೀನಿ. ತಮ್ಮನ ಅನ್ನ ಹೋತಲ್ಲ, ಇನ್ಯಾತರ ಅಂಜಿಕಿ?"

"ಸೋಮವಾರ ಆಗೂತನಾ ಹಾಕಬ್ಯಾಡ. ನಿನ್ನ ಕಾಗದ ಇವತ್ತು ಹೋದ್ರ, ಮೊದಲಿಂದೂ ಇವರದ ಅಂತಾರ ಮಂದಿ. ತಮ್ಮ ಮುಳುಗತಾನ."

ದ್ರೌಪದಿ ಆ ಮಾತು ಒಪ್ಪಲೇಬೇಕಾಯಿತು. ಒರಳಿಗೆ ಮೆತ್ತಿದ ಹಿಂಡಿಯನ್ನು ಕೆರೆದು ಡಬ್ಬಿಗೆ ತುಂಬಿದಳು.

ಮಧ್ಯಾಹ್ನ ಇಬ್ಬರೂ ಸಿದ್ದರಾಮಪ್ಪನವರ ಮನೆಗೆ ಹೋದರು. ಅವರ ಮನೆಯ ತೋರಣ ಇನ್ನೂ ಒಣಗಿ ನೇತಾಡುತ್ತಿತ್ತು. ವೈಶಾಖದಲ್ಲಿ ಅವರ ಮಗಳ ಮದುವೆಗೆ ಪೇಟೆಗೆ ಪೇಟೆಯೇ ಬಂದಿತ್ತು. ಕಸ್ತೂರಬಾಯಿ, ದ್ರೌಪದಿ, ನಿಂಗಣ್ಣ ಎಲ್ಲರೂ ಉಂಡು ಬಂದವರೇ. ಸಿದ್ದರಾಮಪ್ಪನವರು ನಿಂಗಣ್ಣನ ಸುದ್ದಿ ಕೇಳಿ ನೊಂದುಕೊಂಡರು. ಆ ದಿನ ಅವನು ತಾಳ ಹಿಡಿದು ಕೂತದ್ದಕ್ಕೆ ತನ್ನ ಹಂದರದ ಮಾನ ಉಳಿಯಿತು, ತತ್ವಪದ ಕೇಳುತ್ತ ಬೀಗರು ಎದ್ದೇ ಹೋಗಲಿಲ್ಲ ಎಂದು ದ್ರೌಪದಿಗೆ ಹೇಳಿದರು.

ಆಮೇಲೆ ತಮ್ಮದೇ ಗೋಳು ತೆಗೆದರು. ಟ್ಯಾಕ್ಸಿನ ಸಾಹೇಬ ಅವರನ್ನು ಶಾಂತಲಿಂಗಪ್ಪನಿಗಿಂತ ಒಂದು ತಿಂಗಳು ಮೊದಲೇ ಕರೆಸಿದ್ದ. ಎದುರಿಗೆ ಒಂದು ಕಾಗದ ಇಟ್ಟುಕೊಂಡು ಅದರ ಮೇಲೆ ಅಂಗೈ ಮುಚ್ಚಿ, ಬರೀ ಮದುವೆಯ ಖರ್ಚನ್ನೇ ಕೇಳಿದ್ದ. ಪಂಚರಿಗೆ ಜರಿ ರುಮಾಲು ಆಯೇರಿ, ಉಡುಗೊರೆ ಅಂತ ಕೊಟ್ಟಿರಲ್ಲ, ಎಷ್ಟಾಯಿತು? ವರನನ್ನು ಎದುರುಗೊಳ್ಳುವಾಗ ಬೆಳ್ಳಿ ತಾಟು ಹಿಡಿದಿರಲ್ಲ, ಯಾವಾಗ ಮಾಡಿಸಿದಿರಿ? ಮಿರಜದ ಗವಾಯಿಗೆ ಮುನ್ನೂರು ರೂಪಾಯಿ ಕೊಟ್ಟಿರಲ್ಲ, ಎಲ್ಲಿಂದ ಬಂತು?

"ತಾಟು ನಮ್ಮ ಬೀಗರಿಂದ ಎರವಲು ತಂದದ್ದಂತ ಹೇಳಿದೆ. ಉಳದದ್ದಕ್ಕೂ ಇದ್ದದ್ದು ಇದ್ಹಾಂಗ ಹೇಳಿದೆ. ಆದ್ರೂ ನನ್ನ ಲೆಕ್ಕದ ಪುಸ್ತಕ ಎಲ್ಲಾ ತರಿಸಿದ. ಯಾರಿಗೆ ಏನು ಮಾರಿದೆ, ಗಾಡಿ ಎಲ್ಲಿ ಇಳಸಿತು, ಎಲ್ಲಾ ಬ್ಯಾರೆ ಹಾಳ್ಯಾಗ ಬರಕೊಂಡ. ನಾ ಯಾರ ಮ್ಯಾಲೂ ಚಾಡಿ ಹೇಳಿಲ್ರಿ ಬಾಯಾರ. ಕೇಳಿದ್ದು ತೋರಿಸಿದೆ."

"ಗವಾಯಿಗೆ ನೀವು ಮಾತಾಡಿದ್ದು ಎಷ್ಟು?"

ಸಿದ್ದರಾಮಪ್ಪನವರು ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಇನ್ನೂರು. ಅದು ನನಗ ಮತ್ತ ಆ ಗವಾಯಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ನಮ್ಮಾಕಿಗೆ ನೂರು ಅಂತ ಹೇಳೀನಿ, ನೀವೂ ಹಾಂಗ ಇಟ್ಟುಬಿಡ್ರಿ."

ಹೊರಗೆ ಬಂದ ಮೇಲೆ ಕಸ್ತೂರಬಾಯಿ ಒಂದು ಗಂಟು ಬಿಚ್ಚಿ, ಇನ್ನೊಂದನ್ನು ಹಾಕಿದರು. ದ್ರೌಪದಿಗೆ ಬಿಚ್ಚಿದ್ದು ಅರ್ಥವಾಯಿತು. ಗೋದಾಮಿನ ಸುದ್ದಿ ಹೋದದ್ದು ಸಿದ್ದರಾಮಪ್ಪನವರ ಲೆಕ್ಕದಿಂದ, ನಿಂಗಣ್ಣನ ಬಾಯಿಂದಲ್ಲ. ಹಾಗಿದ್ದರೆ ಇಷ್ಟು ಸಾಲದೇ, ಪಂಚರ ಮುಂದೆ ಇದನ್ನೇ ಹೇಳಿದರಾಯಿತಲ್ಲ ಎಂದಳು.

"ಸಾಲೂದಿಲ್ಲ. ಸಿದ್ದರಾಮಪ್ಪನ್ನ ಹಿಡಿಸಿದಾಂವಾನೂ ನಿಂಗಣ್ಣನ ಅಂತಾರ. ಮನಿಯಾಗ ಹಾವು ಬಂದದ ಅಂದ್ರ ಮಂದಿ ಸುಮ್ನಾಗೂದಿಲ್ಲ. ಹಿಡದು ತೋರಿಸಬೇಕು."

ದಾರಿಯಲ್ಲಿ ಅವರು ಟ್ಯಾಕ್ಸಿನ ಕಚೇರಿಯ ರೀತಿ ಹೇಳಿದರು. ವಕೀಲರಿದ್ದಾಗ ಕಂಡು ತಿಳಿದದ್ದು. ಸಾಹೇಬನಿಗೆ ಊರಿನ ಅಂಗಡಿಗಳನ್ನೆಲ್ಲ ನೋಡುವಷ್ಟು ಕಣ್ಣಿಲ್ಲ. ಅವನು ಹಂದರದ ಅಗಲ ನೋಡುತ್ತಾನೆ, ಹೊಸ ಮೋಟಾರು ನೋಡುತ್ತಾನೆ, ಒಂದೇ ಓಣಿಯ ಎರಡು ಅಂಗಡಿಗಳ ಲಾಭ ಪಕ್ಕಪಕ್ಕ ಇಟ್ಟು ನೋಡುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ ಹೆಸರಿಲ್ಲದ ಅರ್ಜಿಗಳ ದಾರಿ ಕಾಯುತ್ತಾನೆ. ಒಬ್ಬನ ಹೊಟ್ಟೆಕಿಚ್ಚು ಮೇಜಿನ ಮೇಲೆ ಬಂದು ಬಿದ್ದರೆ ಸಾಕು. ಅರ್ಜಿಯನ್ನೇ ಅವನು ನಂಬುವುದಿಲ್ಲ, ಅದನ್ನು ಹಿಡಿದು ಲೆಕ್ಕ ತರಿಸುತ್ತಾನೆ. ಇವನು ಮಾರಿದ್ದು ಅವನು ಕೊಂಡದ್ದಕ್ಕೆ ಕೂಡಬೇಕು. ಕೂಡದಿದ್ದರೆ ಆ ಎಳೆ ಹಿಡಿದು ಮುಂದಿನ ಅಂಗಡಿಗೆ ಹೋಗುತ್ತಾನೆ.

"ಅಂದ್ರ ಆ ಅರ್ಜಿ ಬರದಾಂವ ಶಾಂತಲಿಂಗಪ್ಪಗ ಕೇಡು ಬಗದಿದ್ದಿಲ್ಲ?"

"ಬಗದಿದ್ದು ಸಿದ್ದರಾಮಪ್ಪಗ. ಆ ಮದುವಿಗೆ ಬಂದು, ಕಣ್ಣಾರೆ ನೋಡಿ, ಉರಕೊಂಡು ಹೋದ ಒಬ್ಬಾಂವ."

ಮರುದಿನ ಹಿಂಡಿಯ ಡಬ್ಬಿ ಹಿಡಿದು ಶಾಂತಲಿಂಗಪ್ಪನ ಮನೆಗೇ ಹೋದರು, ಅವನು ಅಂಗಡಿಯಲ್ಲಿರುವ ಹೊತ್ತು ನೋಡಿ. ಅವನ ಹೆಂಡತಿ ಇಂದುಬಾಯಿ ಪಾಪದ ಹೆಂಗಸು. ಸಿದ್ದರಾಮಪ್ಪನವರ ಮದುವೆಯಾದ ಮೇಲೆ ಕಾಣಲೇ ಇಲ್ಲವಲ್ಲ ಎಂದು ಕಸ್ತೂರಬಾಯಿ ಅಂದದ್ದೇ ತಡ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿದಳು.

"ಆ ಮದುವಿ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ ಅಕ್ಕಾರ. ಎಲ್ಲಾ ಹಿರ್ಯಾರಿಗೆ ಜರಿ ರುಮಾಲು, ಇವರಿಗೆ ಮಾತ್ರ ಸಾದಾ ಅಂಚಿಂದು ಬಂತಂತ. ಪಂಕ್ತಿ ಕೂಡೂಕಿಂತ ಮೊದಲ ನನ್ನ ಎಬ್ಬಿಸಿ ಟಾಂಗಾದಾಗ ಕುಂದ್ರಿಸಿದ್ರು. ಅಕ್ಕಿಕಾಳು ಕೈಯಾಗ ಹಾಂಗ ಉಳದ್ವು. ಅವತ್ತಿಂದ ಯಾರರೆ ಆ ಮದುವಿ ಮಾತು ತಗದ್ರ ತಾಟು ಎತ್ತಿ ಒಗೀತಾರ. ಆಳುಗೋಳು, ಮುನೀಮ, ಬೀಗರು, ಯಾರೂ ಉಸರ ಬಿಡೂದಿಲ್ಲ."

ಕಸ್ತೂರಬಾಯಿ ಅವಳ ಬೆನ್ನು ಸವರಿ, ಹಿಂಡಿಗೆ ಮೊಸರು ಹಾಕಿಕೊಂಡು ತಿನ್ನು ಎಂದು ಹೇಳಿ ಎದ್ದರು. ಬೀದಿ ತಿರುವಿನಲ್ಲಿ ಎರಡನೆಯ ಗಂಟೂ ಬಿಚ್ಚಿದ್ದನ್ನು ದ್ರೌಪದಿ ಕಂಡಳು. ಯಾರೆಂದು ಕೇಳಿದರೆ, ಅವನ ಬಾಯಿಂದಲೇ ಕೇಳಿಸುತ್ತೇನೆ ಎಂದರು. ಸೆರಗಿನಲ್ಲಿ ಇನ್ನೊಂದು ಗಂಟು ಉಳಿದಿತ್ತು. ಅದನ್ನು ಯಾವಾಗ ಹಾಕಿದರೋ ದ್ರೌಪದಿಗೆ ತಿಳಿದಿರಲಿಲ್ಲ.

ರವಿವಾರ ಕಸ್ತೂರಬಾಯಿ ಅಕ್ಕಲಕೋಟಕ್ಕೆ ಹೊರಟರು. ದ್ರೌಪದಿಯೂ ಜೊತೆಗೆ ಸರ್ವಿಸ್ ಮೋಟಾರು ಹತ್ತಿದಳು. ಅಲ್ಲಿ ಎಲ್ಲಿಗೆಂದು ಅವಳಿಗೆ ಗೊತ್ತಿತ್ತು. ಪೇಟೆಯ ಕೊನೆಯಲ್ಲಿ ಒಂದು ಸಣ್ಣ ಅಂಗಡಿ, ಬಾಗಿಲಿಗೆ ತುಕ್ಕು ಹಿಡಿದ ಬೀಗ, ಮೆಟ್ಟಿಲ ಮೇಲೆ ಮಲಗಿದ ನಾಯಿ. ಪಕ್ಕದ ಎಲೆ ಅಡಿಕೆಯವನನ್ನು ಕೇಳಿದರೆ, ದೀಪಾವಳಿಗೆ ಲಕ್ಷ್ಮೀ ಪೂಜೆಗೆಂದು ಒಂದು ದಿನ ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ ಎಂದ. ಬಾಗಿಲು ಹಾಗಿದ್ದರೂ ಮೇಲಿನ ಹಲಗೆ ಮಾತ್ರ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಮೇಲೆ ಮರಾಠಿ, ಕೆಳಗೆ ಕನ್ನಡ.

"ಓದು," ಎಂದರು ಕಸ್ತೂರಬಾಯಿ.

"ಕಲ್ಲಣ್ಣ ಮಲ್ಕಪ್ಪ, ನೂಲಿನ ವ್ಯಾಪಾರಿಗಳು," ಎಂದು ದ್ರೌಪದಿ ಓದಿದಳು. ಈ ಸಲ ಎಲ್ಲೂ ತಡೆಯಲಿಲ್ಲ. ಅಕ್ಷರ ಕಲಿತ ವರ್ಷ ಮೊದಲ ಸಲ ಇಲ್ಲಿಗೆ ಬಂದು ಓದಿದಾಗ ಒಂದೊಂದೇ ಅಕ್ಷರ ಕೂಡಿಸಿದ್ದಳು.

ಅವಳ ಗಂಡ ಕಲ್ಲಣ್ಣ ಈ ಅಂಗಡಿಯಲ್ಲಿ ಶಾಂತಲಿಂಗಪ್ಪನ ಪಾಲುದಾರನಾಗಿ ಕೂತಿದ್ದವನು. ಇನ್‌ಫ್ಲುಯೆಂಜಾ ಬಂದ ವರ್ಷ ಹೋಗಿಬಿಟ್ಟ. ಮೂರನೆಯ ದಿನ ಶಾಂತಲಿಂಗಪ್ಪ ಮನೆಗೆ ಬಂದು, ಸತ್ತವನು ತನ್ನ ಪಾಲಿಗಿಂತ ಹೆಚ್ಚು ತಿಂದು ಹೋಗಿದ್ದಾನೆ, ನಾನು ದೊಡ್ಡ ಮನಸ್ಸು ಮಾಡಿ ಬಿಡುತ್ತೇನೆ ಎಂದು ಊರ ಮುಂದೆ ಹೇಳಿ, ಒಂದು ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಆಗ ಅವಳಿಗೆ ಅಕ್ಷರ ಗೊತ್ತಿರಲಿಲ್ಲ. ಗಂಡ ಕಳ್ಳನಾದ, ಪಾಲು ಹೋಯಿತು. ಹೆಸರು ಮಾತ್ರ ಹಲಗೆಯ ಮೇಲೆ ಉಳಿದು, ಹದಿನಾರು ವರ್ಷದಿಂದ ಶಾಂತಲಿಂಗಪ್ಪನ ತೆರಿಗೆ ಉಳಿಸುತ್ತ ದುಡಿಯುತ್ತಿತ್ತು. ಅಕ್ಕ ತಮ್ಮ ಈ ಮಾತನ್ನು ಎಂದೂ ಎತ್ತಿರಲಿಲ್ಲ. ನಿಂಗಣ್ಣನಿಗೆ ಸಾಕಬೇಕಾದ ಮೂವರು ಹೆಣ್ಣುಮಕ್ಕಳಿದ್ದರು.

"ನಿನ್ನ ಕಾಗದದಾಗ ಇದ ಅದಲ್ಲ?"

"ಇದ ಅದರಿ. ಸತ್ತಾಂವ ವ್ಯಾಪಾರ ಹ್ಯಾಂಗ ಮಾಡ್ತಾನ ಅಂತ ಒಂದ ಮಾತು ಕೇಳೀನಿ."

ಕಸ್ತೂರಬಾಯಿ ಹಲಗೆಯನ್ನು ಇನ್ನೊಮ್ಮೆ ನೋಡಿ ಮೋಟಾರಿನ ಕಡೆ ನಡೆದರು.

ಸೋಮವಾರ ಪಂಚರು ಕೂಡಿದ್ದು ಹಿರಿಯರಾದ ಚನ್ನವೀರಪ್ಪನವರ ಅಡತಿ ಅಂಗಡಿಯಲ್ಲಿ. ಗಾದಿಯ ಮೇಲೆ ಹಿರಿಯರು, ಕೆಳಗೆ ಜಮಖಾನೆಯ ಮೇಲೆ ಉಳಿದ ವ್ಯಾಪಾರಸ್ಥರು. ನಿಂಗಣ್ಣನನ್ನು ಬಾಗಿಲ ಹತ್ತಿರ ಬರಿದಲೆಯಲ್ಲೇ ಕೂಡಿಸಿದ್ದರು. ಕಸ್ತೂರಬಾಯಿ ಬಂದಾಗ ಹೆಂಗಸಿಗೆ ಇಲ್ಲೇನು ಕೆಲಸ ಎಂದು ಯಾರೋ ಗೊಣಗಿದರು. ಮಠದ ಪಾದುಕೆ ತಂದುಕೊಟ್ಟದ್ದು ಯಾವ ಗಂಡಸು ಎಂದು ಚನ್ನವೀರಪ್ಪನವರು ಕೇಳಿದ ಮೇಲೆ ಗೊಣಗು ನಿಂತಿತು. ದ್ರೌಪದಿ ಕಂಬದ ಹಿಂದೆ ಕ್ಷಣ ನಿಂತು, ತಮ್ಮನ ಪಕ್ಕದಲ್ಲಿ ಹೋಗಿ ಕುಳಿತಳು.

ಶಾಂತಲಿಂಗಪ್ಪ ಎದ್ದು ಮಾತಾಡಿದ. ದೇವರು ಕೊಟ್ಟ ಗಂಟಲು ಅವನದು. ಇವತ್ತು ನನ್ನ ಮನೆ, ನಾಳೆ ನಿಮ್ಮ ಮನೆ ಎಂದ. ಅನ್ನ ಹಾಕಿದ ಕೈಗೆ ಹಾವಾಗಿ ಕಚ್ಚಿದವನಿಗೆ ಈ ಪೇಟೆಯಲ್ಲಿ ಬೆಂಕಿ ಸಿಗಬಾರದು, ನೀರು ಸಿಗಬಾರದು, ಯಾರೂ ಅವನೊಡನೆ ಕೊಡುವ ತೆಗೆದುಕೊಳ್ಳುವ ವ್ಯವಹಾರ ಮಾಡಬಾರದು ಎಂದ. ಪಂಚರು ತಲೆಯಾಡಿಸಿದರು.

ಕಸ್ತೂರಬಾಯಿ ತಮಗೂ ಅದು ಒಪ್ಪಿಗೆ ಎಂದರು. ಆದರೆ ಮೊದಲು ಮಾತು ಆಗಲಿ, ಹೆಸರು ಆಮೇಲೆ ಬರಲಿ. ಟ್ಯಾಕ್ಸಿನ ಕಚೇರಿಗೆ ಹೆಸರಿಲ್ಲದ ಅರ್ಜಿ ಕಳಿಸಿ ನಮ್ಮವರನ್ನು ಹಿಡಿಸಿದವನು ಯಾರೇ ಆಗಲಿ, ಅವನಿಗೆ ಇದೇ ಶಿಕ್ಷೆ ಎಂದು ಎಲ್ಲರೂ ಭಸ್ಮ ಮುಟ್ಟಿ ಹೇಳಲಿ. ಮೊದಲು ಮುಟ್ಟಿದವನೇ ಶಾಂತಲಿಂಗಪ್ಪ.

ಆಮೇಲೆ ಅವರು ನಿಧಾನವಾಗಿ ಶುರುಮಾಡಿದರು. ಈ ಚಾಡಿಯಿಂದ ಪೆಟ್ಟು ತಿಂದವರು ಶಾಂತಲಿಂಗಪ್ಪ ಒಬ್ಬರೇ ಅಲ್ಲ, ಸಿದ್ದರಾಮಪ್ಪನವರನ್ನೂ ಸಾಹೇಬ ಅದಕ್ಕೂ ಮೊದಲೇ ಕರೆಸಿದ್ದಾನೆ ಎಂದರು. ಪಾಪ, ಸಣ್ಣ ವ್ಯಾಪಾರ ಅವರದು, ಮಗಳ ಮದುವೆಯನ್ನೂ ಕೈ ಹಿಡಿದೇ ಮಾಡಿದವರು, ಅಂಥ ಬಡವರ ಮೇಲೆ ಅರ್ಜಿ ಹಾಕಿದವನ ಕಣ್ಣು ಎಂಥದಿರಬೇಕು ಎಂದರು.

ಶಾಂತಲಿಂಗಪ್ಪ ನಕ್ಕ. ಮೂರು ತಿಂಗಳಿಂದ ಒಳಗೇ ಕುದಿದದ್ದು ಹೊರಗೆ ಬಂತು.

"ಬಡವ? ಜರಿ ರುಮಾಲು ಹಂಚಿದಾಂವ, ಬೆಳ್ಳಿ ತಾಟು ಹಿಡದಾಂವ ಬಡವ? ಒಂದು ರಾತ್ರಿ ಹಾಡಿದ್ದಕ್ಕ ಮಿರಜದ ಗವಾಯಿಗೆ ಮುನ್ನೂರು ರೂಪಾಯಿ ಎಣಿಸಿದಾಂವ ನಿಮ್ಮ ಕಣ್ಣಿಗೆ ಬಡವ ಕಾಣ್ತಾನೇನ್ರಿ?"

ಯಾರೂ ನಗಲಿಲ್ಲ. ಗಾದಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚನ್ನವೀರಪ್ಪನವರು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಯಾವ ಗವಾಯಿ, ಶಾಂತಲಿಂಗಪ್ಪ?" ಎಂದರು.

"ಲಗ್ನಪತ್ರಿಕಿಯೊಳಗ ಅಚ್ಚು ಹಾಕಿಸಿದ್ದನಲ್ರಿ, ಊಟದ ಮ್ಯಾಲ ಮಿರಜದ ಗವಾಯಿಯ ಗಾಯನ ಅಂತ."

"ಆ ಗವಾಯಿ ಬರಲೇ ಇಲ್ಲೋ," ಎಂದರು ಚನ್ನವೀರಪ್ಪನವರು. "ಜ್ವರಾ ಬಂದು ಮಿರಜದಾಗ ಉಳದ. ನಾವೆಲ್ಲಾ ಕೂತು ಕೇಳಿದ್ದು ಈ ನಿಂಗಣ್ಣನ ತತ್ವಪದ."

ಆಗ ಕಸ್ತೂರಬಾಯಿ ಒಂದೊಂದೇ ಹೆಜ್ಜೆ ಬಿಡಿಸಿ ಹೇಳಿದರು. ಸಾಹೇಬ ಶಾಂತಲಿಂಗಪ್ಪನಿಗೆ ಕೇಳಿದ್ದು ಸಿದ್ದರಾಮಪ್ಪನವರ ನೂಲೊಂದನ್ನೇ. ಒಳಗಿನವನು ಹೇಳಿದ್ದರೆ ಬೇರೆ ನೂಲು, ಶೇಂಗಾ, ಬಡ್ಡಿ ಎಲ್ಲವನ್ನೂ ಹೇಳುತ್ತಿದ್ದ. ಆದ್ದರಿಂದ ಎಳೆ ಬಂದದ್ದು ಸಿದ್ದರಾಮಪ್ಪನವರ ಲೆಕ್ಕದಿಂದ. ಆ ಲೆಕ್ಕ ಸಾಹೇಬನ ಕೈಗೆ ಹೋದದ್ದು ಮದುವೆಯ ಖರ್ಚಿನ ಮೇಲೆ ಬಂದ ಅರ್ಜಿಯಿಂದ. ಆ ಅರ್ಜಿಯಲ್ಲಿ ಮೂರು ಮಾತಿದ್ದವು. ರುಮಾಲು, ಬೆಳ್ಳಿ ತಾಟು ಎರಡೂ ಖರೆ, ಕಣ್ಣಿಂದ ಕಂಡವನು ಬರೆದದ್ದು. ಮೂರನೆಯದು ಗವಾಯಿ. ಅದು ನಡೆದೇ ಇಲ್ಲ. ಊಟದ ತನಕ ಇದ್ದವರಿಗೆಲ್ಲ ಅದು ಗೊತ್ತು. ಮದುವೆಗೆ ಬಂದು, ರುಮಾಲು ನೋಡಿ, ಊಟಕ್ಕೆ ನಿಲ್ಲದೆ ಟಾಂಗಾ ಹತ್ತಿದವನು ಒಬ್ಬನೇ.

"ಮರುದಿನ ಯಾರರೆ ಹೇಳಿದ್ರ ಅವಗೂ ಗೊತ್ತಾಗ್ತಿತ್ತು," ಎಂದರು. "ಆದ್ರ ಆ ಮದುವಿ ಮಾತು ತಗದ್ರ ತಾಟು ಹಾರತಿದ್ವು. ತನ್ನ ಮನಿ ಬಾಯಿ ತಾನ ಹೊಲದ. ಅದಕ್ಕ ಬಾರದ ಗವಾಯಿಗೆ ರೊಕ್ಕ ಕೊಡಿಸಿ ಅರ್ಜಿ ಬರದ. ಮುನ್ನೂರು ಅಂಬೂದೂ ಅವನ ಸ್ವಂತದ್ದು. ಮಾತಾಗಿದ್ದು ಅದಲ್ಲ. ಅರ್ಜಿಯೊಳಗ ಮುನ್ನೂರು, ಈಗ ಇವನ ಬಾಯಾಗೂ ಮುನ್ನೂರು."

ಶಾಂತಲಿಂಗಪ್ಪ ಕೂತಲ್ಲೇ ಶಲ್ಯ ಸರಿಮಾಡಿಕೊಂಡ.

ಸಿದ್ದರಾಮಪ್ಪನವರು ಎದ್ದು ನಿಂತರು. ಆ ದಿನ ಆಯೇರಿ ಹಂಚಿದ ಹುಡುಗರು ಅದಲುಬದಲು ಮಾಡಿದ್ದರು, ತಾನು ಜರಿಯದನ್ನು ಹಿಡಿದುಕೊಂಡು ಪಂಕ್ತಿಗೆ ಹುಡುಕುತ್ತ ಬಂದಾಗ ಇವನ ಮಣೆ ಖಾಲಿ ಇತ್ತು ಎಂದರು. ಎರಡು ಸಲ ಮನೆಗೆ ಕಳಿಸಿದರೂ ಬಾಗಿಲಿಂದಲೇ ತಿರುಗಿಸಿದ್ದ. ಮುಂಚೆಯೇ ಇದನ್ನು ವಿಚಾರಿಸಿದ್ದ ಕಸ್ತೂರಬಾಯಿಯವರು ನೆನಪಿನಿಂದ ತನ್ನಿ ಎಂದಿದ್ದರಿಂದ ಅದು ಈಗ ಸಿದ್ದರಾಮಪ್ಪನವರ ಕಂಕುಳಲ್ಲೇ ಇತ್ತು. ಅವರು ಶಾಂತಲಿಂಗಪ್ಪನನ್ನು ದಾಟಿ ಬಾಗಿಲ ತನಕ ನಡೆದುಹೋಗಿ, ಜರಿಯ ರುಮಾಲನ್ನು ನಿಂಗಣ್ಣನ ತಲೆಗೆ ಸುತ್ತಿದರು.

"ನಾಳಿಂದ ನನ್ನ ಅಂಗಡಿಗೆ ಬಾ," ಎಂದರು. "ಲೆಕ್ಕಾನೂ ಬರಿ. ಬ್ಯಾಸರಾದ್ರ ಹಾಡು."

ಬೆಂಕಿ ಇಲ್ಲ, ನೀರಿಲ್ಲ, ವ್ಯವಹಾರವಿಲ್ಲ ಎಂಬ ಮಾತನ್ನು ಚನ್ನವೀರಪ್ಪನವರು ಅಕ್ಷರ ಬಿಡದೆ ತಿರುಗಿ ಹೇಳಿದರು, ಈ ಸಲ ಹೆಸರು ಹಚ್ಚಿ. ದ್ರೌಪದಿ ಶಾಂತಲಿಂಗಪ್ಪನ ಮುಖವನ್ನೇ ನೋಡುತ್ತಿದ್ದಳು. ಅದು ಕುಸಿಯುವುದನ್ನು ಹದಿನಾರು ವರ್ಷ ಕನಸಿನಲ್ಲಿ ಕಂಡಿದ್ದಳು. ಆದರೆ ಅದು ಕುಸಿಯಲಿಲ್ಲ. ಅವನು ಶಲ್ಯ ಕೊಡವಿ ಎದ್ದ.

"ನೀವು ಬಿಟ್ರ ದುಧನಿ ಪೇಟ್ಯಾಗ ವ್ಯಾಪಾರ ಮಾಡ್ತೀನಿ. ನಿಮ್ಮ ಸಾಹೇಬನೂ ನನ್ನ ಕೂದಲಾ ಕೊಂಕಸೂದಿಲ್ಲ. ಅಕ್ಕಲಕೋಟದ ಅಂಗಡಿ ಕಲ್ಲಣ್ಣಂದು. ಹಲಗಿ ಮ್ಯಾಲ ಹೆಸರದ. ಕಲ್ಲಣ್ಣನ್ನ ಹುಡುಕಲಿ ಹೋಗ್ರಿ."

ಅಲ್ಲಿದ್ದವರಲ್ಲಿ ಅರ್ಧ ಮಂದಿ ಕಲ್ಲಣ್ಣನ ಮಣ್ಣಿಗೆ ಬಂದವರು. ಅವರ ಕಣ್ಣೆಲ್ಲ ದ್ರೌಪದಿಯ ಕಡೆ ತಿರುಗಿದವು. ಅವಳು ಎದ್ದಳು. ಬಾಗಿಲು ದಾಟಲು ಬಂದ ಶಾಂತಲಿಂಗಪ್ಪ ಅವಳೆದುರು ಒಂದು ಗಳಿಗೆ ನಿಲ್ಲಬೇಕಾಯಿತು. ಅವಳು ಬದಿಗೆ ಸರಿದು ಅವನಿಗೆ ದಾರಿ ಕೊಟ್ಟಳು.

ಮನೆಗೆ ಬಂದು ದ್ರೌಪದಿ ಸೀದಾ ಅಡಿಗೆಮನೆಗೆ ಹೋದಳು. ಡಬ್ಬಿಯ ಸಾಸಿವೆಯನ್ನು ಮೊರಕ್ಕೆ ಸುರುವಿ ತಳದಿಂದ ಕಾಗದ ತೆಗೆದಳು. ಮಡಿಕೆಗಳು ಹಳದಿಯಾಗಿದ್ದವು, ಬರಹ ಹಾಗೇ ಇತ್ತು. ಕಲ್ಲಣ್ಣ ಮಲ್ಕಪ್ಪ ಇನ್‌ಫ್ಲುಯೆಂಜಾ ವರ್ಷ ತೀರಿಕೊಂಡಿದ್ದಾನೆ, ಅವನ ಹೆಸರಿನಲ್ಲಿ ನಡೆಯುವ ಅಂಗಡಿಯ ಕೀಲಿ ಶಾಂತಲಿಂಗಪ್ಪನ ಉಡದಾರದಲ್ಲಿದೆ, ಸತ್ತವನು ವ್ಯಾಪಾರ ಹೇಗೆ ಮಾಡುತ್ತಾನೆ ಎಂದು ತಾವು ಕೇಳಬೇಕು. ಅಷ್ಟೇ. ಕೆಳಗೆ ಜಾಗ ಖಾಲಿ ಇತ್ತು. ಬರೆದ ದಿನ ಅಲ್ಲಿಗೆ ಬಂದು ಕೈ ನಿಂತಿತ್ತು.

ಕಸ್ತೂರಬಾಯಿ ಹೊಸ್ತಿಲಲ್ಲಿ ಬಂದು ನಿಂತರು. "ಹೆಸರಿಲ್ಲದ್ದನ್ನೂ ಸಾಹೇಬ ಓದ್ತಾನ. ಅದು ನಿನಗೂ ಗೊತ್ತಾತು."

"ಓದೂದು ಸಾಲೂದಿಲ್ರಿ ಅಕ್ಕಾರ. ಹಿಡಿಸಿದಾಕಿ ಯಾರು ಅಂತ ಶಾಂತಲಿಂಗಪ್ಪಗ ಗೊತ್ತಾಗಬೇಕು. ಸಾಕ್ಷಿಗೆ ನನ್ನ ಕರೀಲಿ. ಅವನ ಎದುರಿಗೇ ನಿಂತು ಹೇಳ್ತೀನಿ." ಅವಳು ಮಸಿಯ ದೌತಿಯಲ್ಲಿ ಟಾಕು ಅದ್ದಿದಳು. "ಅವತ್ತು ಹೆಬ್ಬೆಟ್ಟು ಒತ್ತಿಸಿಕೊಂಡಾನ. ಇವತ್ತು ಸಹಿ ನೋಡಲಿ."

ದ್ರೌಪದಿ, ಕಲ್ಲಣ್ಣ ಮಲ್ಕಪ್ಪನ ಹೆಂಡತಿ, ಮಂಗಳವಾರ ಪೇಟೆ, ಸೊಲ್ಲಾಪುರ. ಒಂದೊಂದು ಅಕ್ಷರವನ್ನೂ ರಾತ್ರಿ ಸಾಲಿಯ ಪಾಟಿಯ ಮೇಲೆ ತಿದ್ದಿದ ಹಾಗೆ ದುಂಡಗೆ ಬರೆದಳು. ಮಸಿ ಒಣಗುವ ತನಕ ಊದಿದಳು. ಲಕೋಟೆಗೆ ತಿಕೀಟು ಹಚ್ಚಿದಾಗ ಅದರ ಮೂಲೆಯಲ್ಲಿ ಎರಡು ಸಾಸಿವೆ ಕಾಳು ಸಿಕ್ಕಿಕೊಂಡಿದ್ದು ಬೆರಳಿಗೆ ತಿಳಿಯಿತು. ತೆಗೆಯಲಿಲ್ಲ.

ಓಣಿಯ ತುದಿಯ ಅಂಚೆ ಪೆಟ್ಟಿಗೆಯ ತನಕ ಕಸ್ತೂರಬಾಯಿಯೂ ಜೊತೆಗೆ ಬಂದರು. ದಾರಿಯಲ್ಲಿ ದ್ರೌಪದಿಯ ಕಣ್ಣು ಅವರ ಸೆರಗಿನ ಮೇಲೆ ಬಿತ್ತು. ಆ ಒಂದು ಗಂಟು ಇನ್ನೂ ಹಾಗೇ ಇತ್ತು. ಎಲ್ಲ ಬಗೆಹರಿಯಿತಲ್ಲ, ಇದು ಯಾವುದು ಎಂದು ಕೇಳಿದಳು.

"ಇದು ಭಾಳ ಹಳೀದು," ಎಂದರು ಕಸ್ತೂರಬಾಯಿ. "ನಿನ್ನ ಸಾಸಿವಿ ಡಬ್ಬ್ಯಾಗ ಆ ಕಾಗದ ನೋಡಿದ ದಿನಾ, ಇದು ಎಂದರೆ ಹೋದೀತೇನು ಅಂತ ಹಾಕಿದ್ದು. ಸೀರಿ ಬದಲಿಸಿದಾಗೆಲ್ಲಾ ತಿರುಗಿ ಹಾಕ್ಕೋತ ಬಂದೀನಿ."

ದ್ರೌಪದಿ ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ಇಟ್ಟು ಒಂದು ಗಳಿಗೆ ಹಿಡಿದಳು. ಆಮೇಲೆ ಬೆರಳು ಬಿಟ್ಟಳು.